ಐದು ಅಂಕದ ಕೊಸರು

ಜನವರಿ 5, 2004, ಸೋಮವಾರ

ಡೈರಿ ಬರೆಯುವ ಚಟ ನನಗಿಲ್ಲ. ಇದು ವಿಮಾ ಏಜೆಂಟರು ಪುಕ್ಕಟೆ ಕೊಟ್ಟು ಹೋದದ್ದು. ಹಾಳೆ ಹರಿದು ಅಡುಗೆಮನೆ ಕಪಾಟಿಗೆ ಹಾಸುವುದರಲ್ಲಿದ್ದ ಶರಣವ್ವ, ನಾನು ಚಪ್ಪಲಿ ಬಿಟ್ಟ ರಭಸ ನೋಡಿ ಅದನ್ನು ನನ್ನ ಕೈಗೆ ಕೊಟ್ಟಳು. “ಸಿಟ್ಟೆಲ್ಲ ಇದರಾಗ ಬರೀರಿ. ನನ್ನ ಮ್ಯಾಲ ಹಾರಾಡಬ್ಯಾಡ್ರಿ,” ಅಂದಳು. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವಳ ಮಾತು, ಬರೆಯುತ್ತಿದ್ದೇನೆ.

ಇಂದು ಹಲಸೂರಿನ ನಮ್ಮ ಕಾಲೇಜಿನಲ್ಲಿ ತರಗತಿಗಳನ್ನು ನಿಲ್ಲಿಸಿ ನಮಗೇ ಪಾಠ ಮಾಡಿಸಿದರು. ಮಾಡಿದವನು ಗುರುಕಿರಣ ಎಂಬ ಹುಡುಗ, ದೊಮ್ಮಲೂರಿನ ಯಾವುದೋ ಸಲಹಾ ಕಂಪನಿಯವನು. ವಯಸ್ಸು ಇಪ್ಪತ್ತೆಂಟಿದ್ದರೆ ಹೆಚ್ಚು. ಟೈ ಕಟ್ಟಿಕೊಂಡು ಬಂದಿದ್ದ. ಕಿಟಕಿಗಳನ್ನೆಲ್ಲ ಮುಚ್ಚಿಸಿ, ಗೋಡೆಯ ಮೇಲೆ ಬೆಳಕು ಬಿಟ್ಟು, “ವಿದ್ಯಾರ್ಥಿಯೇ ನಮ್ಮ ಕಸ್ಟಮರ್” ಎಂದು ಇಷ್ಟೆತ್ತರದ ಅಕ್ಷರದಲ್ಲಿ ತೋರಿಸಿದ. ಇನ್ನು ಮುಂದೆ ವಿದ್ಯಾರ್ಥಿಗಳು ಮೇಷ್ಟ್ರುಗಳಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರಂತೆ.

ನಾನು ಎದ್ದು ಕೇಳಿದೆ: “ಕಸ್ಟಮರನ್ನ ಫೇಲ್ ಮಾಡೋ ಅಂಗಡಿ ಎಲ್ಲಾದ್ರೂ ನೋಡಿದೀರೇನ್ರೀ?”

“ಎಕ್ಸಲೆಂಟ್ ಕ್ವೆಶ್ಚನ್ ಸರ್,” ಅಂದು ಮುಂದಿನ ಚಿತ್ರಕ್ಕೆ ಹೋದ.

ಪ್ರಾಂಶುಪಾಲ ಹುಸೇನಪ್ಪನವರು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದರು. ಅವರು ಯಾವುದಕ್ಕೂ ಬೇಡ ಅನ್ನುವುದಿಲ್ಲ, ಹೂಂ ಅಂತಲೂ ಅನ್ನುವುದಿಲ್ಲ, “ನೋಡೋಣ” ಅನ್ನುತ್ತಾರೆ. ಕಾಗದದ ಮೇಲೆ ಸಹಿ ಹಾಕುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಡಿಸೆಂಬರ್‌ನಲ್ಲಿ ನಾನು ಎರಡು ದಿನ ರಜೆ ಕೇಳಿ, ರಜೆ ತೆಗೆದುಕೊಂಡು, ವಾಪಸೂ ಬಂದಾಯಿತು. ಅರ್ಜಿ ಇನ್ನೂ ಸಹಿಗೆ ಕಾಯುತ್ತಿದೆ.

ನಾನು ಎರಡನೇ ಬಿ.ಕಾಂ.ಗೆ ಸಂಖ್ಯಾಶಾಸ್ತ್ರ ಕಲಿಸುವವನು. ನನಗೆ ಎರಡೇ ಕಾನೂನು. ಒಂದು, ನಾನು ಯಾರ ಹೆಸರನ್ನೂ ಕೇಳುವುದಿಲ್ಲ, ಹಾಜರಿ ಸಂಖ್ಯೆಯಲ್ಲಿ ಮಾತ್ರ ಕರೆಯುತ್ತೇನೆ. ಹೆಸರು ತಿಳಿದರೆ ಜಾತಿ ತಿಳಿಯುತ್ತದೆ, ಜಾತಿ ತಿಳಿದರೆ ಅಂಕ ವಾಲುತ್ತದೆ. ಎರಡು, ಲೆಕ್ಕ ತಪ್ಪಾದರೆ ಉಜ್ಜಬಾರದು, ಬಿಳಿ ಬಳಿಯಬಾರದು, ಹೊಸ ಹಾಳೆ ಕೇಳಬಾರದು. ತಪ್ಪು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಚಿಕ್ಕದಾಗಿ ಸಹಿ ಮಾಡಬೇಕು. ತಪ್ಪು ಯಾರದು, ತಿದ್ದಿದವರು ಯಾರು ಎಂದು ಕಾಗದ ನೋಡಿದರೇ ತಿಳಿಯಬೇಕು. ಇವರು ನನ್ನ ವಿದ್ಯಾರ್ಥಿಗಳು. ಗಿರಾಕಿಗಳಲ್ಲ.

ಜನವರಿ 19, ಸೋಮವಾರ

ಮೊದಲ ಸುತ್ತಿನ ಅಂಕ ಬಂತು. ಹತ್ತಕ್ಕೆ 3.8. ಇಪ್ಪತ್ತೆರಡು ಮೇಷ್ಟ್ರುಗಳಲ್ಲಿ ಕೊನೆಯವನು ನಾನು. ಫಾರ್ಮಿನಲ್ಲಿ ಹೆಸರು ಬರೆಯುವ ಹಾಗಿಲ್ಲ, ಆದ್ದರಿಂದ ಎಲ್ಲರಿಗೂ ಧೈರ್ಯ ಬಂದುಬಿಟ್ಟಿದೆ. ಒಬ್ಬರು “ಸರ್ ನಗೋದೇ ಇಲ್ಲ” ಎಂದು ಬರೆದಿದ್ದಾರೆ. ಇನ್ನೊಬ್ಬರು, “ಸರ್ ನನ್ನನ್ನು ನಂಬರಿನಿಂದ ಕರೀತಾರೆ. ಜೈಲಿನಲ್ಲಿದ್ದ ಹಾಗಿರುತ್ತೆ. ಜೈಲಿನಲ್ಲಿ ಊಟವಾದರೂ ಕೊಡ್ತಾರೆ” ಎಂದಿದ್ದಾರೆ.

ನಾನು ನಲವತ್ತಮೂರು ಅಂಕಗಳನ್ನೂ ಬರೆದುಕೊಂಡು ಸರಾಸರಿಯನ್ನು ಮತ್ತೆ ಲೆಕ್ಕ ಹಾಕಿದೆ. ಗುರುಕಿರಣ ತಪ್ಪು ಮಾಡಿರಬೇಕು ಎಂಬ ಆಸೆ. ಮಾಡಿರಲಿಲ್ಲ.

ಮಾರ್ಚ್‌ನಲ್ಲಿ ಎರಡನೇ ಸುತ್ತು. ಅದರಲ್ಲಿ ಆರು ಬಾರದಿದ್ದರೆ ಜೂನ್‌ನಿಂದ ನನ್ನ ಕರಾರು ಮುಂದುವರಿಯುವುದಿಲ್ಲ. ಐವತ್ತೈದು ದಾಟಿದ ಮೇಷ್ಟ್ರನ್ನು ಇನ್ನು ಯಾರು ಕರೆಯುತ್ತಾರೆ? ಬೋರ್ಡಿನ ಮುಂದೆ ನಿಲ್ಲುವುದು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ಭಯವಾಗುತ್ತಿದೆ. ಶರಣವ್ವನಿಗೆ ಹೇಳಿಲ್ಲ.

ಜನವರಿ 20

ತರಗತಿಯಲ್ಲಿ ನಕ್ಕೆ. ಹಿಂದಿನ ಬೆಂಚಿನಿಂದ ಹಾಜರಿ ಸಂಖ್ಯೆ ಹದಿನೆಂಟು ಕೇಳಿದ, “ಸರ್, ಹುಷಾರಿಲ್ವಾ? ನೀರು ತರ್ಲಾ?”

ಫೆಬ್ರವರಿ 8, ಭಾನುವಾರ

ಗಿರಾಕಿ ಎಂದರೇನು ಎಂದು ತಿಳಿಯಬೇಕಾದರೆ ದೊಮ್ಮಲೂರಿನ ಟೈ ಕಟ್ಟಿದವನನ್ನು ಯಾಕೆ ಕೇಳಬೇಕು? ನೇರ ರಸೆಲ್ ಮಾರುಕಟ್ಟೆಗೆ ಹೋದೆ. ಕೃಷ್ಣರಾಜಪುರದಿಂದ ಶಿವಾಜಿನಗರಕ್ಕೆ ಬಸ್ಸಿನಲ್ಲಿ ನಿಂತೇ ಹೋಗಿದ್ದು. ಶರಣವ್ವ “ಭಾನುವಾರ ಎಲ್ಲಿಗ್ರಿ?” ಅಂದದ್ದಕ್ಕೆ “ಹಣ್ಣಿಗೆ” ಅಂದೆ. ಮದುವೆಯಾದಂದಿನಿಂದ ನಾನು ಹಣ್ಣು ತಂದವನಲ್ಲ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಹಣ್ಣಿನ ಸಾಲಿನಲ್ಲಿ ಒಂದು ಅಂಗಡಿಯ ಮುಂದೆ ಜನ ಹೆಚ್ಚಿದ್ದರು. ನಿಂತು ನೋಡಿದೆ. ಒಳಗೆ ನಮ್ಮ ಮೂವತ್ತೊಂದು ಕೂತಿತ್ತು! ತಲೆಯ ಮೇಲೆ ದುಪಟ್ಟ, ತೊಡೆಯ ಮೇಲೆ ನನ್ನದೇ ಸಂಖ್ಯಾಶಾಸ್ತ್ರದ ಪುಸ್ತಕ. ನನ್ನನ್ನು ಕಂಡು ದಡಕ್ಕನೆ ಎದ್ದಳು. “ಅಬ್ಬಾ, ನಮ್ಮ ಸ್ಟ್ಯಾಟಿಸ್ಟಿಕ್ಸ್ ಸರ್,” ಎಂದು ತಂದೆಗೆ ಹೇಳಿದಳು. ಅವಳ ತಂದೆಯ ಹೆಸರು ಗಯಾಜ್. ನನಗೆ ಸ್ಟೂಲು ಹಾಕಿ, ಚಹಾ ತರಿಸಿ, ತನ್ನ ವ್ಯಾಪಾರ ಮುಂದುವರಿಸಿದ.

ಅವನ ಪದ್ಧತಿ ವಿಚಿತ್ರ. ಬೆಣ್ಣೆಹಣ್ಣು ಕೇಳಿದ ಒಬ್ಬ ಹೆಂಗಸಿಗೆ ಹಣ್ಣು ತೋರಿಸುವ ಮೊದಲೇ, “ಯಾವತ್ತು ತಿನ್ನೋದು ಮೇಡಂ?” ಅಂದ.

“ಇವತ್ತು ಸಂಜೆ.”

“ಹಂಗಾದ್ರೆ ನನ್ಹತ್ರ ಇಲ್ಲ. ಇದೆಲ್ಲ ಬುಧವಾರಕ್ಕೆ ಹಣ್ಣಾಗೋ ಮಾಲು. ಆ ಕಡೆ ಮೂರನೇ ಅಂಗಡೀಲಿ ಕೇಳಿ.”

ಕೈಗೆ ಬಂದ ಗಿರಾಕಿಯನ್ನು ಪಕ್ಕದವನ ಅಂಗಡಿಗೆ ಕಳಿಸುವುದೇ! ನಾನು ಕೇಳಿಯೇಬಿಟ್ಟೆ. “ಗಿರಾಕಿಗೆ ಹಣ್ಣಿನ ವಿಷಯ ಗೊತ್ತಿರಲ್ಲ ಸಾರ್,” ಅಂದ. “ಗೊತ್ತಿರ್ಬೇಕಾಗಿದ್ದು ನಮಗೆ.” ಇಂಥವನ ಅಂಗಡಿಯಲ್ಲಿ ಜನ ಹೇಗೆ ನಿಲ್ಲುತ್ತಾರೋ.

ಆದರೆ ಗುಟ್ಟು ನನಗೆ ಸಿಕ್ಕಿತು. ಯಾರೋ ಒಂದು ಡಜನ್ ಕಿತ್ತಳೆ ತೆಗೆದುಕೊಂಡರು. ಎಣಿಸಿ ಹಾಕಿದ ಮೇಲೆ ಗಯಾಜ್ ಇನ್ನೊಂದು ಕಿತ್ತಳೆ ಆರಿಸಿ ಚೀಲಕ್ಕೆ ಹಾಕಿದ. ಕೊಸರು! ಆ ಮನುಷ್ಯನ ಮುಖ ಅರಳಿತು ನೋಡಿ. ಹನ್ನೆರಡು ಹಣ್ಣಿಗೆ ಅರಳದ ಮುಖ ಹದಿಮೂರನೆಯದಕ್ಕೆ ಅರಳಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ.

ಫೆಬ್ರವರಿ 11, ಬುಧವಾರ

ಕಿರುಪರೀಕ್ಷೆಯ ಉತ್ತರಪತ್ರಿಕೆ ಹಂಚಿದೆ. ಎಲ್ಲರಿಗೂ ಐದು ಅಂಕ ಕೊಸರು. ಕೆಂಪು ಶಾಯಿ ಕಂಡರೆ ಗಿರಾಕಿ ಬೆದರುತ್ತಾನೆಂದು ತಿದ್ದುವುದನ್ನೂ ಕೈಬಿಟ್ಟೆ. ಪುಟಕ್ಕೊಂದು ಸರಿ ಗುರುತು ಹಾಕಿ ಮುಗಿಸಿದೆ. ನಲವತ್ತಮೂರು ಪತ್ರಿಕೆಗೆ ಒಂದೇ ಗಂಟೆ! ಮೂವತ್ತು ವರ್ಷ ನಾನು ಸುಮ್ಮನೆ ಕಣ್ಣು ಹಾಳು ಮಾಡಿಕೊಂಡೆನೇನೋ.

ಪರೀಕ್ಷೆಗೆ ಬರುವ ಪ್ರಶ್ನೆಗಳ ಪಟ್ಟಿಯನ್ನೂ ಕೊಟ್ಟೆ. ಹತ್ತು ನಿಮಿಷ ಮೊದಲೇ ಬಿಟ್ಟೆ. ಚಪ್ಪಾಳೆ ಬಿತ್ತು. ನನಗೆ, ಚಪ್ಪಾಳೆ.

ಫೆಬ್ರವರಿ 18

ಗುರುಕಿರಣ ನಡುವೆ ಒಮ್ಮೆ ಸುಮ್ಮನೆ ಅಂಕ ಹಾಕಿಸಿದ. ಇದು ಲೆಕ್ಕಕ್ಕಿಲ್ಲ, ಮಾರ್ಚ್‌ನದೇ ಲೆಕ್ಕ. ಆದರೂ 7.9! “ಸರ್, ಯೂ ಆರ್ ಅ ಸಕ್ಸಸ್ ಸ್ಟೋರಿ,” ಅಂದು ಕೈ ಕುಲುಕಿದ. ಕೈ ಮೆತ್ತಗಿದೆ, ಪಾಪ, ಒಳ್ಳೆಯ ಹುಡುಗ.

ಮನೆಯಲ್ಲಿಯೂ ನಗುತ್ತಿದ್ದೆನಂತೆ. “ನಗೋದು ರೂಢಿ ಇಲ್ಲ ನಿಮಗ. ಬಾಯಿ ನೋಯಿಸ್ಕೊಂಡೀರಿ,” ಅಂದಳು ಶರಣವ್ವ.

ಫೆಬ್ರವರಿ 23, ಸೋಮವಾರ

ಇಂದು ನನಗೆ ಅವಮಾನವಾಗಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮೂರು ಗಂಟೆಗೆ ಮೂವತ್ತೊಂದು ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ಕಿರುಪರೀಕ್ಷೆಯ ಪತ್ರಿಕೆ. ಅಂಕ ಸಾಲದೆಂದು ಬಂದಿರಬೇಕು ಎಂದುಕೊಂಡು, ಇನ್ನೆರಡು ಕೊಟ್ಟುಬಿಡೋಣವೆಂದು ಪೆನ್ನು ತೆಗೆದೆ.

“ಅದಲ್ಲ ಸರ್. ಈ ಲೆಕ್ಕ ತಪ್ಪು. ನೀವು ರೈಟ್ ಹಾಕಿದೀರ.”

ನೋಡಿದೆ. ಮಾನಕ ವಿಚಲನೆಯ ಲೆಕ್ಕ. ಎಲ್ಲ ಸರಿಯಾಗಿ ಮಾಡಿ, ಕೊನೆಯಲ್ಲಿ ವರ್ಗಮೂಲ ತೆಗೆಯುವುದನ್ನೇ ಬಿಟ್ಟಿದ್ದಳು. ಅದರ ಮೇಲೆ ನನ್ನ ಸರಿ ಗುರುತು ಠೀವಿಯಿಂದ ಕೂತಿತ್ತು.

“ಹೋಗ್ಲಿ ಬಿಡಮ್ಮ. ಅಂಕ ಬಂತಲ್ಲ.”

“ನೀವು ರೈಟ್ ಹಾಕಿದೀರ ಅಂತ ನಾನು ಇನ್ನು ಮೂರು ಜನಕ್ಕೆ ಹಂಗೇ ಹೇಳ್ಕೊಟ್ಟಿದೀನಿ ಸರ್. ಸಂಜು ಇವತ್ತು ಬೋರ್ಡ್ ಮೇಲೆ ಅದನ್ನೇ ಮಾಡ್ದ. ನೀವು ಅದಕ್ಕೂ ಗುಡ್ ಅಂದ್ರಿ.” ಅವಳು ಪತ್ರಿಕೆಯ ಪುಟ ತಿರುಗಿಸಿದಳು. “ಮುಂಚೆ ನೀವು ನನ್ನ ಪೇಪರ್ ತುಂಬ ಕೆಂಪು ಮಾಡ್ತಿದ್ರಿ. ಕೋಪ ಬರ್ತಿತ್ತು. ಆದ್ರೆ ಎಲ್ಲಿ ತಪ್ಪು ಅಂತ ಗೊತ್ತಾಗ್ತಿತ್ತು.”

ನನಗೂ ಸಿಟ್ಟು ಬಂತು. “ಐದು ಅಂಕ ಕೊಸರು ಕೊಟ್ಟಿಲ್ವೇನಮ್ಮ ನಿಮಗೆ? ನಿಮ್ಮಪ್ಪನ ಅಂಗಡೀಲಿ ನೋಡೇ ಕಲ್ತಿದ್ದು ನಾನು,” ಅಂದೆ.

“ನಮ್ಮಬ್ಬಾ ಕೊಸರು ಹಾಕೋದೂ ಒಳ್ಳೆ ಹಣ್ಣೇ ಸರ್,” ಅಂದಳು.

ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಹೋದಳು. ಎಂಥ ಉದ್ಧಟತನ! ಇಪ್ಪತ್ತು ವರ್ಷದ ಹುಡುಗಿ, ಮೇಷ್ಟ್ರಿಗೆ ಹೀಗೆ ಹೇಳುವುದೇ? ಬಸ್ಸಿನಲ್ಲಿ ಅವಳಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ಒಂದೊಂದಾಗಿ ಜೋಡಿಸಿದೆ. ಬೆನ್ನಿಗಾನಹಳ್ಳಿ ಬರುವಷ್ಟರಲ್ಲಿ ಒಂದೂ ನಿಲ್ಲಲಿಲ್ಲ. ನಾಚಿಕೆಯಾಯಿತು.

ಫೆಬ್ರವರಿ 24

ಎಲ್ಲ ಪತ್ರಿಕೆ ವಾಪಸ್ ತೆಗೆದುಕೊಂಡೆ.

ಫೆಬ್ರವರಿ 26, ಗುರುವಾರ

ನನ್ನ ಸುಳ್ಳು ಸರಿ ಗುರುತುಗಳ ಮೇಲೆ ಒಂದೊಂದೇ ಗೆರೆ ಎಳೆದು, ಪಕ್ಕದಲ್ಲಿ ನಿಜವಾದ ಅಂಕ ಬರೆದು, ಸಹಿ ಹಾಕಿದೆ. ಕೊಸರು ತೆಗೆದುಹಾಕಿದೆ. ಒಟ್ಟು ಇನ್ನೂರ ಹನ್ನೆರಡು ಸಹಿ. ಹುಸೇನಪ್ಪನವರು ಹತ್ತು ವರ್ಷದಲ್ಲಿ ಹಾಕಿದ್ದಕ್ಕಿಂತ ಹೆಚ್ಚು.

ಹಂಚಿದಾಗ ತರಗತಿ ನರಳಿತು. “ಸರ್, ಕೊಟ್ಟಿದ್ದು ಕಿತ್ಕೊಳ್ತೀರಾ?” ಅಂದ ಸಂಜು. ಅದೇ ಹಿಂದಿನ ಬೆಂಚಿನವನು, ನೀರು ತರ್ಲಾ ಅಂದವನು. “ತಪ್ಪು ನಂದು ಕಣಪ್ಪ, ಸಹಿ ಇದೆ ನೋಡು,” ಅಂದೆ. ಹುಡುಗ ಹಾಳೆ ತಿರುಗಿಸಿ ತಿರುಗಿಸಿ ನೋಡಿದ. ಮೇಷ್ಟ್ರ ತಪ್ಪು ಸಹಿಯ ಸಮೇತ ಕೈಗೆ ಸಿಕ್ಕಿದ್ದು ಅವನ ಜನ್ಮದಲ್ಲಿ ಇದೇ ಮೊದಲಿರಬೇಕು.

ಇನ್ನು ಆರು ಬಂದ ಹಾಗೇ.

ಮಾರ್ಚ್ 3, ಬುಧವಾರ

ಐಶ್ವರ್ಯಾ ಮೊದಲ ಪೀರಿಯಡ್ಡಿನಲ್ಲಿ ಮತ್ತೆ ನಿದ್ದೆ ಮಾಡಿದಳು. ಮುಂಚೆಯಾಗಿದ್ದರೆ ಎಬ್ಬಿಸಿ ಹೊರಗೆ ನಿಲ್ಲಿಸುತ್ತಿದ್ದೆ. ಇವತ್ತು ಪಾಠ ಮುಗಿದ ಮೇಲೆ ಕರೆದು ಕೇಳಿದೆ. ರಾತ್ರಿ ಪಾಳಿಯಲ್ಲಿ ಕಾಲ್ ಸೆಂಟರ್ ಕೆಲಸವಂತೆ. ಬೆಳಿಗ್ಗೆ ಅಲ್ಲಿಂದ ನೇರ ಕಾಲೇಜಿಗೇ ಬರುತ್ತಾಳೆ.

“ರಾತ್ರಿಯೆಲ್ಲ ಕಸ್ಟಮರ್‌ಗೆ ಸಾರಿ ಹೇಳ್ತೀನಿ ಸರ್. ಹಗಲು ನಾನೇ ಕಸ್ಟಮರ್ ಅಂತಾರೆ. ನಂಗೆ ಯಾರೂ ಸಾರಿ ಹೇಳಲ್ಲ,” ಅಂದು ನಕ್ಕಳು.

ಕನ್ನಡ ಮೇಡಂ ಹತ್ತಿರ ಪೀರಿಯಡ್ ಬದಲಾಯಿಸಿಕೊಂಡೆ. ಇನ್ನು ಕಷ್ಟದ ಲೆಕ್ಕಗಳೆಲ್ಲ ಮೂರನೇ ಪೀರಿಯಡ್ಡಿನಲ್ಲಿ. ಇದು ಐಶ್ವರ್ಯಾಗಾಗಿ ಮಾಡಿದ್ದಲ್ಲ. ಬೆಳಿಗ್ಗೆ ಆ ಕೋಣೆಯಲ್ಲಿ ಬೋರ್ಡಿನ ಮೇಲೆ ಬಿಸಿಲು ಬೀಳುತ್ತದೆ.

ಮಾರ್ಚ್ 10

ಸಂಜೆ ನಾಲ್ಕರ ತನಕ ಕೂತು ಹೇಳಿಕೊಡುತ್ತಿದ್ದೇನೆ. ಮೊದಲ ದಿನ ಐದು ಜನ, ಇವತ್ತು ಹತ್ತೊಂಬತ್ತು. ಹಣ್ಣಿನಂಗಡಿಯ ನಾಜಿಶ್ ಮುಂದೆ ಕೂತು, ನಾನು ಬೋರ್ಡಿನ ಮೇಲೆ ತಪ್ಪಿದರೆ ಗಂಟಲು ಸರಿಮಾಡಿಕೊಳ್ಳುತ್ತಾಳೆ. ಎರಡು ಸಲ ಸರಿಮಾಡಿಕೊಂಡಳು. ಒಂದು ಸಲ ನಿಜವಾಗಿಯೂ ಕೆಮ್ಮಂತೆ.

ಮಾರ್ಚ್ 15, ಸೋಮವಾರ

ಎರಡನೇ ಸುತ್ತು ಮುಗಿಯಿತು. ತರಗತಿಯೊಳಗೆ ಗುರುಕಿರಣ, ಹೊರಗೆ ನಾನು. ಫಲಿತಾಂಶ ಗುರುವಾರ. ಶರಣವ್ವ ಡಬ್ಬಿಗೆ ಎರಡು ಜೋಳದ ರೊಟ್ಟಿ ಹೆಚ್ಚಿಗೆ ಹಾಕಿದ್ದಳು. ಯಾಕೆ ಅಂದರೆ “ಹಂಗ” ಅಂದಳು.

ಮಾರ್ಚ್ 18, ಗುರುವಾರ

ಹುಸೇನಪ್ಪನವರ ಕೋಣೆಗೆ ಕರೆ ಬಂತು. ಮೇಜಿನ ತುಂಬ ಫಾರ್ಮುಗಳನ್ನು ಹರಡಿಕೊಂಡು ಗುರುಕಿರಣ ತಲೆ ಹಿಡಿದುಕೊಂಡಿದ್ದ.

“ಸರ್, ಇದೇನು ಇದು? ಐದು ಕಾಲೇಜಲ್ಲಿ ಮಾಡ್ಸಿದೀನಿ, ಹಿಂಗೆ ಎಲ್ಲೂ ಆಗಿಲ್ಲ.”

ನಲವತ್ತಮೂರರಲ್ಲಿ ಹದಿನೇಳು ಫಾರ್ಮುಗಳಲ್ಲಿ ಮೊದಲು ಬರೆದ ಅಂಕದ ಮೇಲೆ ಒಂದೇ ಒಂದು ಗೆರೆ. ಪಕ್ಕದಲ್ಲಿ ಬೇರೆ ಅಂಕ. ಅದರ ಪಕ್ಕದಲ್ಲಿ ಪುಟ್ಟದಾಗಿ, ಓದಲು ಬರುವ ಹಾಗೆ, ಸಹಿ! ಹೆಸರು ಗೊತ್ತಾಗಬಾರದ ಫಾರ್ಮಿನಲ್ಲಿ ಹದಿನೇಳು ಜನ ಹೆಸರು ಸಮೇತ ಕೂತಿದ್ದರು. ಸಂಜು ಐದು ಹೊಡೆದು ಎಂಟು ಮಾಡಿದ್ದ. ಐಶ್ವರ್ಯಾ ಏಳು ಹೊಡೆದು ಎಂಟು. ನಾಜಿಶ್ ಒಂಬತ್ತು ಹೊಡೆದು ಏಳು ಬರೆದು, ಕೆಳಗೆ ಒಂದು ಸಾಲು ಸೇರಿಸಿದ್ದಳು: “ಎರಡು ಅಂಕ ಕೊಸರಾಗಿತ್ತು ಸರ್, ತೆಗೆದಿದ್ದೀನಿ.”

“ನೀವು ಹೇಳ್ಕೊಟ್ಟಿದ್ದಾ ಇದು?” ಅಂದರು ಹುಸೇನಪ್ಪನವರು.

“ಹೌದು ಸರ್. ಲೆಕ್ಕಕ್ಕೆ ಹೇಳ್ಕೊಟ್ಟಿದ್ದು. ಅವರು ಇದಕ್ಕೂ ಮಾಡಿದಾರೆ.”

ಗುರುತು ಸಿಗುವ ಫಾರ್ಮು ಲೆಕ್ಕಕ್ಕಿಲ್ಲ ಎಂಬುದು ಗುರುಕಿರಣನ ನಿಯಮ. ಉಳಿದ ಇಪ್ಪತ್ತಾರರ ಸರಾಸರಿ 5.7. ಎಲ್ಲ ನಲವತ್ತಮೂರನ್ನೂ ಹಿಡಿದರೆ 6.3. ನಾನು ಬಾಯಲ್ಲೇ ಲೆಕ್ಕ ಹಾಕಿ ಹೇಳಿದೆ, ಅವನು ಯಂತ್ರ ಒತ್ತಿ ಹೌದೆಂದ. ಅಂತೂ ನನ್ನ ಕಾನೂನೇ ನನ್ನ ಕುತ್ತಿಗೆಗೆ ಬಂತು.

ಆದರೂ ಗುರುಕಿರಣ ಕೆಟ್ಟವನಲ್ಲ. “ಹೊಸ ಫಾರ್ಮ್ ಕೊಡ್ತೀನಿ ಸರ್. ನಾಳೆ ಇನ್ನೊಂದ್ಸಲ ತುಂಬ್ಸೋಣ. ನೀವೇ ಕ್ಲಾಸಿಗೆ ಹೇಳ್ಬಿಡಿ, ತಪ್ಪಾದ್ರೆ ಹೊಡೆದು ಸೈನ್ ಹಾಕೋದು ಬೇಡ, ಅದನ್ನ ಹರಿದು ಬಿಸಾಕಿ ಬೇರೆ ಫಾರ್ಮ್ ತಗೊಳ್ಳಿ ಅಂತ. ಅಷ್ಟೇ.”

ಹುಸೇನಪ್ಪನವರು “ನೋಡೋಣ” ಅಂದರು.

ಮಾರ್ಚ್ 19, ಶುಕ್ರವಾರ

ಫಾರ್ಮುಗಳ ಕಟ್ಟು ಹಿಡಿದು ತರಗತಿಗೆ ಹೋದೆ. ಒಂದೇ ವಾಕ್ಯ ಹೇಳಬೇಕಾಗಿತ್ತು. ಬಸ್ಸಿನಲ್ಲಿ ಅದನ್ನು ನಾಲ್ಕು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಬೋರ್ಡಿನ ಮುಂದೆ ನಿಂತು, “ನೋಡಿ, ತಪ್ಪಾದ್ರೆ...” ಅಂದೆ.

“ಒಂದೇ ಗೆರೆ, ಪಕ್ಕದಲ್ಲಿ ಸರಿ, ಸಣ್ಣ ಸಹಿ,” ಅಂತ ಇಡೀ ತರಗತಿ ರಾಗವಾಗಿ ಹೇಳಿತು. ಎಲ್ಲರೂ ನಕ್ಕರು. ಐಶ್ವರ್ಯಾಗೂ ಎಚ್ಚರವಿತ್ತು.

ನನಗೆ ಆಗಲಿಲ್ಲ. ಫಾರ್ಮಿನ ಕಟ್ಟನ್ನು ಮೇಜಿನ ಕೆಳಗಿಟ್ಟು ಪಾಠ ಶುರುಮಾಡಿದೆ. ನಾಜಿಶ್ “ಏನ್ಸರ್ ಆ ಕಟ್ಟು?” ಅಂದದ್ದಕ್ಕೆ “ಏನಿಲ್ಲ, ನಿನ್ನ ಲೆಕ್ಕ ನೋಡ್ಕೊ,” ಅಂದೆ. ಗುರುಕಿರಣನಿಗೆ ಖಾಲಿ ಫಾರ್ಮುಗಳನ್ನು ವಾಪಸ್ ಕೊಟ್ಟೆ.

ಸಂಜೆ ಶರಣವ್ವನಿಗೆ ಎಲ್ಲ ಹೇಳಿಬಿಟ್ಟೆ, ಜೂನ್‌ನಿಂದ ಕೆಲಸವಿಲ್ಲ ಎಂಬುದೂ ಸೇರಿ. ಅವಳು ಮೆಂತ್ಯ ಸೋಸುವುದನ್ನು ನಿಲ್ಲಿಸಲಿಲ್ಲ. “ನನಗ ಜನವರಿಯಿಂದ ಗೊತ್ತೈತಿ. ಡೈರಿ ಟೀವಿ ಮ್ಯಾಲ ಇಟ್ಟು ಹೋಗ್ತೀರಿ, ಮತ್ತ,” ಅಂದಳು. ಆಮೇಲೆ ಮೆಲ್ಲಗೆ, “ಹುಡುಗರಿಗೆ ಹರೀರಿ ಅಂತ ಹೇಳದ ಬಂದದ್ದು ಚಲೋ ಆತು. ಹೇಳಿ ಬಂದಿದ್ರ ನೀವು ರೊಟ್ಟಿ ತಿಂತಿರಲಿಲ್ಲ,” ಅಂದಳು.

ರೊಟ್ಟಿ ಮೂರು ತಿಂದೆ.

ಮಾರ್ಚ್ 20, ಶನಿವಾರ

ನಾಳೆ ಯುಗಾದಿ. ಅರ್ಧ ದಿನದ ಕಾಲೇಜು. ಮೂರನೇ ಪೀರಿಯಡ್ಡಿಗೆ ಹಾಜರಿ ಪುಸ್ತಕ ಹಿಡಿದು ಹೊರಟವನನ್ನು ಹುಸೇನಪ್ಪನವರು ಒಳಗೆ ಕರೆದರು. ಗುರುಕಿರಣ ಅಲ್ಲೇ ಇದ್ದ. ಮೇಜಿನ ಮೇಲೆ ಆಡಳಿತ ಮಂಡಳಿಗೆ ಹೋಗಬೇಕಾದ ಪಟ್ಟಿ. ನನ್ನ ಹೆಸರಿನ ಮುಂದೆ 5.7, ಅದರ ಮುಂದೆ “ಮುಂದುವರಿಸುವುದಿಲ್ಲ”.

ಹುಸೇನಪ್ಪನವರು ಕನ್ನಡಕ ಒರೆಸಿದರು, ಹಾಕಿಕೊಂಡರು, ತೆಗೆದರು. “ಹೆಸರು ಬರೀದೇ ಬೈದ ಮಕ್ಕಳನ್ನ ಎಲ್ಲ ಕಾಲೇಜಲ್ಲೂ ನೋಡಿದೀನಿ ಶಿವಶಂಕರಪ್ಪನವರೇ,” ಅಂದರು. “ಹೆಸರು ಹಾಕಿ ಅಂಕ ಕಡಿಮೆ ಮಾಡಿದೋರನ್ನ ನೋಡಿರಲಿಲ್ಲ. ನಿಮ್ಮ ಕೆಂಪು ಪೆನ್ನು ಇದೆಯಾ?”

ಕೊಟ್ಟೆ. 5.7ರ ಮೇಲೆ ಒಂದು ಗೆರೆ ಎಳೆದರು. ಪಕ್ಕದಲ್ಲಿ 6.3 ಎಂದು ಬರೆದರು. “ಮುಂದುವರಿಸುವುದಿಲ್ಲ” ಎಂಬುದನ್ನೂ ಹೊಡೆದರು. ಆಮೇಲೆ ತಲೆಯೆತ್ತಿ, “ಸಹಿ ಪೂರ್ತಿ ಹಾಕ್ಬೇಕಾ, ಚಿಕ್ಕದಾ?” ಅಂದರು.

“ಚಿಕ್ಕದು ಸಾಕು ಸರ್. ಓದೋಕೆ ಬರ್ಬೇಕು.”

“ಸರ್, ನನ್ನ ಫಾರ್ಮ್ಯಾಟಲ್ಲಿ ಇದಕ್ಕೆ ಜಾಗ ಇಲ್ಲ,” ಅಂದ ಗುರುಕಿರಣ.

“ಪಕ್ಕದಲ್ಲಿದೆಯಲ್ಲಪ್ಪ ಇಷ್ಟು ಜಾಗ,” ಅಂದು ಹುಸೇನಪ್ಪನವರು ಸಹಿ ಹಾಕಿಯೇಬಿಟ್ಟರು. ಎರಡು ಕಡೆ. ಓದಲು ಬರುತ್ತಿತ್ತು. ಆ ಹುಮ್ಮಸ್ಸಿನಲ್ಲಿ ನನ್ನ ಡಿಸೆಂಬರ್ ರಜೆಯ ಅರ್ಜಿಯನ್ನೂ ಹುಡುಕಿ ಸಹಿ ಮಾಡಿಕೊಟ್ಟರು.

ನಮಸ್ಕಾರ ಮಾಡಿ ಓಡಿದೆ. ತರಗತಿಗೆ ಹತ್ತು ನಿಮಿಷ ತಡವಾಗಿತ್ತು. ಹೋಗಿ ನೋಡಿದರೆ ಹಾಜರಿ ಪುಸ್ತಕ ಹುಸೇನಪ್ಪನವರ ಮೇಜಿನ ಮೇಲೆಯೇ ಉಳಿದಿದೆ. ವಾಪಸ್ ಹೋಗಲು ಸಮಯವಿರಲಿಲ್ಲ. ನಾಜಿಶ್, ಸಂಜು, ಐಶ್ವರ್ಯಾ, ಫಹೀಮ್, ಭೀಮಬಾಯಿ ಎಂದು ನಲವತ್ತಮೂರು ಜನರನ್ನೂ ನೆನಪಿನಿಂದಲೇ ಕರೆದು, ಆಮೇಲೆ ಪುಸ್ತಕ ತಂದು ಗುರುತು ಹಾಕಬೇಕಾಯಿತು. ಸುಮ್ಮನೆ ಎರಡೆರಡು ಕೆಲಸ. ಇತ್ತೀಚೆಗೆ ನನಗೆ ಮರೆವು ಬಹಳ ಹೆಚ್ಚಾಗಿದೆ.